ಡೇರೆ ಗಡ್ಡೆ ಹಸ್ತಾಂತರ ಮೀಮಾಂಸೆ

ಡೇರೆ ಎಂಬುದು ಸಸ್ಯವೋ, ಸಂಬಂಧವೋ? ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಅಂಗಳಗಳಲ್ಲಿ ಪ್ರತಿ ಮಳೆಗಾಲಕ್ಕೂ ಚಿಗುರುವ ಈ ಸಂಶಯವನ್ನು ಸಸ್ಯಶಾಸ್ತ್ರಜ್ಞರು ‘ಸಸ್ಯ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಅವರನ್ನು ದೂರಿ ಫಲವಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಪಕ್ಕದ ಮನೆಗೆ ಹೋಗಿ, ಅಂಗಳದಲ್ಲಿ ಅರ್ಧ ತಾಸು ನಿಂತು, ಮಜ್ಜಿಗೆ ಮರೆತು ಬಂದ ಅನುಭವ ಆ ಶಾಸ್ತ್ರದ ಪಠ್ಯಕ್ರಮದಲ್ಲಿಲ್ಲ.

ಪೂರ್ವಪಕ್ಷಿ ಕೇಳುತ್ತಾನೆ: ಡೇರೆ ಬೀಜ ಕಟ್ಟುತ್ತದಲ್ಲ, ಬಿತ್ತಿಕೊಂಡರಾಯಿತು, ಯಾರ ಹಂಗೇಕೆ? ಸಮಾಧಾನ: ನಮ್ಮ ನಿಮ್ಮಂಥವರು ಎರಡೇ ಕಂತೆ ವರ್ಣತಂತುಗಳಲ್ಲಿ ಸಂಸಾರ ತೂಗಿಸುತ್ತಿದ್ದರೆ, ತೋಟದ ಡೇರೆಗೆ ಎಂಟು ಕಂತೆ, ಒಟ್ಟು 64 ವರ್ಣತಂತುಗಳು. ಇಷ್ಟು ದೊಡ್ಡ ಅವಿಭಕ್ತ ಕುಟುಂಬದಲ್ಲಿ ಮಗು ಯಾರನ್ನು ಹೋಲುತ್ತದೆಂದು ಬ್ರಹ್ಮನೂ ಹೇಳಲಾರ. ಕೆಂಪಿನ ಬೀಜಕ್ಕೆ ಹಳದಿ ಹುಟ್ಟೀತು, ದುಂಡು ಎಸಳಿನದಕ್ಕೆ ಕಡ್ಡಿ ಎಸಳಿನದು ಹುಟ್ಟೀತು. ಆದ್ದರಿಂದ ಮೇಲಿನಮನೆಯ ಬದನೆ ಬಣ್ಣದ್ದೇ ಬೇಕೆಂದರೆ ಗಡ್ಡೆಯೋ ಹಿಳ್ಳೋ ಆ ಮನೆಯಿಂದಲೇ ಬರಬೇಕು. ಅಂದರೆ ಆ ಮನೆಯವರೊಡನೆ ಮಾತು ಇರಬೇಕು. ಬೇಲಿ ವ್ಯಾಜ್ಯಗಳು ಮೇ ತಿಂಗಳಲ್ಲಿ ತಣ್ಣಗಾಗಿ, ಹೂವಿನ ಕಾಲ ಮುಗಿದ ಮೇಲೆ ಮತ್ತೆ ಕಾವೇರುವುದೇಕೆಂದು ಕಂದಾಯದವರು ತಲೆ ಕೆಡಿಸಿಕೊಂಡದ್ದಿಲ್ಲ. ಉತ್ತರ ವರ್ಣತಂತುವಿನಲ್ಲಿದೆ.

ಇತಿಹಾಸವೂ ಇದನ್ನೇ ಹೇಳುತ್ತದೆ. ಮೆಕ್ಸಿಕೋದ ಗುಡ್ಡಗಾಡಿನ ಈ ಗಿಡದ ಬೀಜ 1789ರಲ್ಲಿ ಮ್ಯಾಡ್ರಿಡ್ ನಗರದ ರಾಜೋದ್ಯಾನಕ್ಕೆ ಹೋಯಿತು. 1791ರಲ್ಲಿ ಅಲ್ಲಿನ ಪಾದ್ರಿ-ವಿದ್ವಾಂಸ ಕವನಿಲ್ಯೆಸ್ ಅದಕ್ಕೆ ಸ್ವೀಡನ್ನಿನ ಆಂಡ್ರಿಯಾಸ್ ಡಾಲ್‌ನ ಹೆಸರಿಟ್ಟ. ಅಷ್ಟರಲ್ಲಿ ಡಾಲ್ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ಗಡ್ಡೆಯನ್ನೂ ಬೇಡದೆ ಈ ಹೂವಿನಿಂದ ಕೀರ್ತಿ ಪಡೆದವನು ಅವನೊಬ್ಬನೇ. ಆಲೂಗಡ್ಡೆಯ ಪಂಕ್ತಿಯಲ್ಲಿ ಇದನ್ನೂ ಕೂರಿಸಲು ಯುರೋಪಿನವರು ನೋಡಿದರು, ರುಚಿ ಹತ್ತದೆ ಎಬ್ಬಿಸಿದರು. ಇನ್ನು ಫ್ರಾನ್ಸಿನ ಮಹಾರಾಣಿ ಜೋಸೆಫೀನ್. ಮಾಲ್ಮೇಜಾನ್ ಅರಮನೆಯ ತನ್ನ ಡೇರೆಗಳನ್ನು ಆಕೆ ಯಾರಿಗೂ ಕೊಡುತ್ತಿರಲಿಲ್ಲ, ಯಾರೋ ತೋಟದವನ ಕೈ ಬೆಚ್ಚಗೆ ಮಾಡಿ ಗಡ್ಡೆ ಸಾಗಿಸಿದರು, ಸಿಟ್ಟಿಗೆದ್ದ ಆಕೆ ಡೇರೆ ಬೆಳೆಸುವುದನ್ನೇ ಬಿಟ್ಟಳು ಎಂಬ ಕಥೆಯಿದೆ. ಕಥೆ ನಿಜವೋ ಸುಳ್ಳೋ, ಹೊಸನಗರದಲ್ಲಿ ಹೇಳಿದರೆ ಯಾರೂ ಪುರಾವೆ ಕೇಳುವುದಿಲ್ಲ.

ಇನ್ನು ದಾನಪ್ರಕರಣ. ಈ ಗ್ರಂಥದ ಹೃದಯಭಾಗವಿದು, ಓದುಗರು ಚಾ ಮುಗಿಸಿ ಕೂರಬೇಕು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಯ ಗಡ್ಡೆ ಹಾಗಲ್ಲ, ಅದು ಊದಿದ ಬೇರು. ಚಿಗುರುವ ಕಣ್ಣು ಇರುವುದು ಹಳೆಯ ಕಾಂಡಕ್ಕೆ ಅಂಟಿದ ಬುಡದಲ್ಲಿ ಮಾತ್ರ. ಬುಡದ ಚೂರು ಸೇರಿಸಿ ಕೊಯ್ದು ಕೊಟ್ಟರೆ ಗಿಡ. ಕುತ್ತಿಗೆಗೆ ಮುರಿದು ಕೊಟ್ಟರೆ ನುಣ್ಣಗಿನ, ದಪ್ಪನೆಯ, ಸಂಪೂರ್ಣ ನಿಷ್ಫಲವಾದ ಒಂದು ವಸ್ತು. ಅದು ಬೇಗ ಕೊಳೆಯುವುದೂ ಇಲ್ಲ. ಕೆಲವೊಮ್ಮೆ ಹೊಸ ಬೇರನ್ನೂ ಬಿಟ್ಟು ಆಸೆ ಹುಟ್ಟಿಸುತ್ತದೆ. ಚಿಗುರು ಮಾತ್ರ ಇಲ್ಲ. ಪಡೆದವರು ಆರಿದ್ರಾ ಮಳೆ ಕಾಯುತ್ತಾರೆ, ಪುನರ್ವಸು ಕಾಯುತ್ತಾರೆ, ಪುಷ್ಯವೂ ಹೋಗುತ್ತದೆ. ಆಶ್ಲೇಷದಲ್ಲಿ ಯಾರದೋ ಮನೆಯ ಊಟದ ಪಂಕ್ತಿಯಲ್ಲಿ, ಪಾಯಸ ಬರುವ ಹೊತ್ತಿಗೆ ಸರಿಯಾಗಿ, ಎದುರು ಸಾಲಿನಿಂದ ಪ್ರಶ್ನೆ: ‘ನಾ ಕೊಟ್ಟಿದ್ದು ಹೂ ಬಿಡ್ತಾ?’

ಇಲ್ಲಿ ದೋಷ ಯಾರದು? ಕೇಳಿದ್ದು ಗಡ್ಡೆ, ಕೊಟ್ಟದ್ದು ಗಡ್ಡೆ. ದಾನ ಸಿಂಧು ಎಂದು ಜಗಲಿ ಪಂಥದವರು ವಾದಿಸುತ್ತಾರೆ. ಹಿತ್ತಿಲ ಪಂಥದವರದು ಪ್ರಮಾಣಗಳ ದಾರಿ. ಪ್ರತ್ಯಕ್ಷವೆಂದರೆ ಕೊಟ್ಟವರ ಎದುರೇ ಗಡ್ಡೆಯನ್ನು ಬೆಳಕಿಗೆ ಹಿಡಿದು ಕಣ್ಣು ಹುಡುಕುವುದು. ಇದು ಖಚಿತ, ಆದರೆ ಮರುವರ್ಷ ಆ ಮನೆಯ ಬಾಗಿಲು ತೆರೆಯುವುದಿಲ್ಲ. ಅನುಮಾನ ಪ್ರಮಾಣವೇ ಮರ್ಯಾದಸ್ಥರಿಗೆ ಲೇಸು: ಹೊಗೆಯಿದ್ದಲ್ಲಿ ಬೆಂಕಿ, ಒತ್ತಾಯದ ಎರಡನೇ ಲೋಟ ಚಾ ಇದ್ದಲ್ಲಿ ಕಣ್ಣಿಲ್ಲದ ಗಡ್ಡೆ. ಶಬ್ದ ಪ್ರಮಾಣವನ್ನು, ಅಂದರೆ ‘ಇದು ಕುಂಕುಮ ಬಣ್ಣದ್ದೇ ಮಾರಾಯ್ತಿ’ ಎಂಬ ಆಪ್ತವಾಕ್ಯವನ್ನು, ಹೂ ಬಿಡುವತನಕ ಎರಡೂ ಪಂಥದವರು ಒಪ್ಪುವುದಿಲ್ಲ.

ದಾನ ಸೋತಲ್ಲಿ ಚೌರ್ಯ ಆರಂಭ. ಕದ್ದ ಹಿಳ್ಳು ಬೇಗ ಬೇರು ಬಿಡುತ್ತದೆಂಬ ನಂಬಿಕೆಯನ್ನು ಮೌಢ್ಯವೆಂದು ತಳ್ಳಬೇಡಿ. ಕಳ್ಳಿಗೆ ಹೊತ್ತಿಲ್ಲ. ಬಗ್ಗಿದವಳಂತೆ ಮಾಡಿ ಎಳೆಯ ತುದಿಯನ್ನು ಚಿವುಟಿ ಸೆರಗಿಗೆ ಸೇರಿಸುತ್ತಾಳೆ. ಬೇರು ಬಿಡಲು ಬೇಕಾದದ್ದು ಅಂಥ ಎಳೆಯ ಹಿಳ್ಳೇ, ಬಲಿತ ಕಡ್ಡಿಯಲ್ಲ. ಇತ್ತ ತುದಿ ಕಳೆದುಕೊಂಡ ತಾಯಿಗಿಡ ಪಕ್ಕದ ಕವಲುಗಳನ್ನು ಒಡೆದು ಪೊದೆಯಾಗಿ ಹೆಚ್ಚು ಹೂ ಕೊಡುತ್ತದೆ; ಮೂರ್ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿರೆಂದು ತೋಟಗಾರಿಕೆಯವರು ಹೇಳುವುದೂ ಇದನ್ನೇ. ಹೀಗೆ ಕಳುವಾದ ಅಂಗಳಕ್ಕೂ ಲಾಭವಿರುವುದರಿಂದ ಇದನ್ನು ಸಹಕಾರಿ ಸಂಘವೆಂದು ನೋಂದಾಯಿಸಲು ಅಡ್ಡಿಯಿಲ್ಲ.

ಪೋಷಣೆಯ ವಿಚಾರ ಸಂಕ್ಷೇಪವಾಗಿ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಆದ್ದರಿಂದ ಏರು ಮಾಡಿ ನೆಡಬೇಕು. ಅಡಿಕೆ ದಬ್ಬೆಯ ಊರೆ ಕೊಟ್ಟು ಬಾಳೆಪಟ್ಟೆಯಲ್ಲಿ ಸಡಿಲಾಗಿ ಕಟ್ಟಬೇಕು. ಕಾಂಡ ಟೊಳ್ಳು, ಹೂವು ನೆನೆದರೆ ಭಾರ. ದೊಡ್ಡ ಹೂ ಬೇಕಿದ್ದರೆ ನಡುವಿನ ಮೊಗ್ಗು ಬಿಟ್ಟು ಪಕ್ಕದವನ್ನು ಮುರಿಯಬೇಕು, ಮನಸ್ಸು ಬಂದರೆ. ಹೂ ಮುಗಿದು ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು ತಂಪಿನಲ್ಲಿ, ಒಣಮರಳಿನಲ್ಲಿ ಇಡುವವರಿದ್ದಾರೆ. ನೆಲದಲ್ಲೇ ಬಿಟ್ಟು ದೇವರ ಮೇಲೆ ಭಾರ ಹಾಕುವವರೂ ಇದ್ದಾರೆ. ಎರಡನೆಯವರ ಗಡ್ಡೆ ಮುಳ್ಳುಹಂದಿಗೆ. ಅದು ಕಣ್ಣಿರುವುದು, ಕಣ್ಣಿಲ್ಲದ್ದು ಎಂಬ ಭೇದವೆಣಿಸದ ಶುದ್ಧ ಅದ್ವೈತಿ.

‘ನಮ್ಮನೇಲಿ ಈ ಸಲ ನೂರು ಹೂ’ ಎಂಬ ಘೋಷಣೆಯ ಸತ್ಯಾಸತ್ಯತೆಯನ್ನೂ ನೋಡಬೇಕು. ಡೇರೆ ಸೂರ್ಯಕಾಂತಿಯ ಕುಲದ್ದು. ನಾವು ಎಸಳೆನ್ನುವುದು ಒಂದೊಂದೂ ಒಂದು ಪುಟ್ಟ ಹೂವು, ಹೂವೆನ್ನುವುದು ಅವುಗಳ ಜಾತ್ರೆ. ಹಾಗಾಗಿ ಒಂದೇ ಡೇರೆ ಅರಳಿದ ಮನೆಯವರೂ ಈ ಮಾತನ್ನು ಧೈರ್ಯವಾಗಿ ಆಡಬಹುದು.

ಕೊನೆಗೆ ನೀಲಿ. ನೀಲಿಗೆ ಬೇಕಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವನ್ನು ಡೇರೆ ತಯಾರಿಸುವುದಿಲ್ಲವಾದ್ದರಿಂದ ಅಚ್ಚ ನೀಲಿ ಡೇರೆ ಜಗತ್ತಿನಲ್ಲೇ ಇಲ್ಲ. ಆದರೂ ಘಟ್ಟದ ಕೆಳಗೆ ಯಾರದೋ ನೆಂಟರ ಮನೆಯಲ್ಲಿ ಅದು ಅರಳಿದೆಯೆಂಬ ಸುದ್ದಿ ಶ್ರಾವಣಕ್ಕೊಮ್ಮೆ ಘಟ್ಟ ಹತ್ತಿ ಬರುತ್ತದೆ. ನೋಡಿದವರು ಈತನಕ ಸಿಕ್ಕಿಲ್ಲ. ಅದರ ಗಡ್ಡೆಯನ್ನು ಯಾರಿಗೆ ಮೊದಲು ಕೊಡುವುದೆಂದು ಮಾತಾಗಿದೆ. ಎರಡನೆಯ ಹೆಸರಿನವರು ಮೊದಲನೆಯವರೊಡನೆ ಮಾತು ಬಿಟ್ಟಿದ್ದಾರೆ.