ಪಾಸ್ತಾ ಪ್ರಕರಣ ಮತ್ತು ಇತರ ಸಣ್ಣಪುಟ್ಟ ವಿಷಯಗಳು

ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯದ ಮೂವರು ಕ್ರೀಡಾಪಟುಗಳು ಪದವಿ ಔತಣದಲ್ಲಿ ಮಿತಿಮೀರಿ ಪಾಸ್ತಾ ತಿಂದರಂತೆ. ವಿಶ್ವವಿದ್ಯಾಲಯ ತಾನೇ ಹೋಗಿ ತಪ್ಪೊಪ್ಪಿಕೊಂಡಿತು. ಹೆಚ್ಚಿಗೆ ತಿಂದದ್ದಕ್ಕೆ ತಲಾ 3.83 ಡಾಲರ್ ಲೆಕ್ಕ ಹಾಕಿ, ದಾನಕ್ಕೆ ಕೊಡಿಸಿ, ಮೂವರನ್ನೂ ಶುದ್ಧಿ ಮಾಡಿಸಿತು. ಇದು ಹೊರಬಿದ್ದದ್ದು 2014ರಲ್ಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವುದು ನಮ್ಮ ಕಡೆಯ ಮಾತು. ಅಲ್ಲಿ ನಾಲ್ಕು ಡಾಲರಿಗೆ ಬಂದು ಚಿಲ್ಲರೆಯೂ ಉಳಿಯುತ್ತದೆ.

ತಪ್ಪೊಪ್ಪಿಗೆ ಸಲ್ಲಿಸಿದ್ದು ಅಲ್ಲಿನ ಕಾಲೇಜು ಕ್ರೀಡೆಯ ಯಜಮಾನ ಎನ್‌ಸಿಎಎಗೆ. ಅದರ ಕಟ್ಟಳೆಯಲ್ಲಿ ಒಂದು ಕಾಲಕ್ಕೆ ಆಟಗಾರರಿಗೆ ಬೇಗಲ್ ಎಂಬ ಬನ್ನು ಕೊಡಬಹುದಿತ್ತು, ಮೇಲೆ ಕ್ರೀಮ್ ಚೀಸ್ ಸವರುವಂತಿರಲಿಲ್ಲ. ಇಷ್ಟು ಮಡಿ ನಮ್ಮ ಮಠಗಳಲ್ಲೂ ಇರಲಿಕ್ಕಿಲ್ಲ.

ತಟ್ಟೆಯನ್ನು ಹೀಗೆ ಕಾಯುವವರು ತರಗತಿಯತ್ತಲೂ ಒಮ್ಮೆ ಇಣುಕಬೇಕಾಯಿತು. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ 1993ರಿಂದ 2011ರವರೆಗೆ ಪಾಠವೇ ಇಲ್ಲದ, ಮೇಷ್ಟ್ರೂ ಇಲ್ಲದ ಕೋರ್ಸುಗಳು ನಡೆದಿದ್ದವು. ಕೊನೆಗೊಂದು ಪ್ರಬಂಧ ಕೊಟ್ಟರೆ ಸಾಕು. ಅದಕ್ಕೆ ಉದಾರವಾಗಿ ಅಂಕ ಹಾಕುತ್ತಿದ್ದವರು ಬಹುಪಾಲು ವಿಭಾಗದ ಆಫೀಸಿನ ಸಿಬ್ಬಂದಿ. 2014ರ ತನಿಖಾ ವರದಿಯ ಪ್ರಕಾರ ಫಲಾನುಭವಿಗಳು ಸುಮಾರು 3,100 ಮಂದಿ. ಹತ್ತಿರ ಹತ್ತಿರ ಅರ್ಧದಷ್ಟು ಕ್ರೀಡಾಪಟುಗಳು. ಇದೇ ಅವಧಿಯಲ್ಲಿ, 2005 ಮತ್ತು 2009ರಲ್ಲಿ, ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಕಿರೀಟವನ್ನೂ ಗೆದ್ದಿತು. ಪಾಠದ ಕಾಟವಿಲ್ಲದಿದ್ದರೆ ಆಟ ಚೆನ್ನಾಗಿ ಕುದುರುತ್ತದೆ.

2017ರ ಅಕ್ಟೋಬರಿನಲ್ಲಿ ಎನ್‌ಸಿಎಎ ತೀರ್ಪು ಬಂತು: ವಿಶ್ವವಿದ್ಯಾಲಯ ನಿಯಮ ಮುರಿದಿದೆ ಎನ್ನಲಾಗದು. ಆಟಗಾರರಿಗಷ್ಟೇ ಸಿಗುವ ಅನುಕೂಲವಾಗಿದ್ದರೆ ಅಪರಾಧ. ಈ ಕೋರ್ಸುಗಳೋ, ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವು. ಅಂದರೆ ಓಕ್ಲಹೋಮದವರು ಎಡವಿದ್ದು ಎಲ್ಲಿ ಎಂದರೆ, ಹೆಚ್ಚುವರಿ ಪಾಸ್ತಾವನ್ನು ಇಡೀ ಕ್ಯಾಂಪಸ್ಸಿಗೆ ಬಡಿಸಲಿಲ್ಲ. ಪಂಕ್ತಿಭೇದ ಮಾಡಿದರು!

ಇನ್ನೂ ಸೊಗಸಾದದ್ದಿದೆ. ಮಾನ್ಯತೆ ಕೊಡುವ ಸಂಸ್ಥೆಗೆ ‘ಇದು ಶೈಕ್ಷಣಿಕ ವಂಚನೆ’ ಎಂದು ಬರೆದುಕೊಟ್ಟಿದ್ದದ್ದು ಇದೇ ವಿಶ್ವವಿದ್ಯಾಲಯ. ಎನ್‌ಸಿಎಎ ಎದುರು ನಿಂತಾಗ, ಅದು ಬರಹದಲ್ಲಿ ನುಸುಳಿದ ತಪ್ಪು ಎಂದಿತು. ಹದಿನೆಂಟು ವರ್ಷದ ಕೋರ್ಸುಗಳಿಗೆ ಕಾಗುಣಿತದ ಕ್ಷಮಾದಾನ. ಶಿಕ್ಷೆಯಾದದ್ದು ವಿಭಾಗದ ಮಾಜಿ ಮುಖ್ಯಸ್ಥರೊಬ್ಬರಿಗೆ. ಅದೂ ತನಿಖೆಗೆ ಸಹಕರಿಸದ್ದಕ್ಕೆ.

ಎನ್‌ಸಿಎಎ ಶಿಕ್ಷೆಯನ್ನೇ ಕೊಡುವುದಿಲ್ಲ ಎಂದಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಸಿಬ್ಬಂದಿಯೊಬ್ಬ ಎದುರಾಳಿಗಳ ಪಂದ್ಯಗಳಿಗೆ ಜನ ಕಳಿಸಿ, ಮೈದಾನದಂಚಿನ ಕೈಸನ್ನೆಗಳನ್ನು ಚಿತ್ರೀಕರಿಸಿಕೊಳ್ಳುವ ಜಾಲ ನಡೆಸಿದ್ದು 2023ರಲ್ಲಿ ಬಯಲಾಯಿತು. ಕೋಚ್ ಜಿಮ್ ಹಾರ್ಬಾ ಆ ಋತುವಿನಲ್ಲಿ ಎರಡು ಕಂತಿನಲ್ಲಿ ಆರು ಪಂದ್ಯ ಹೊರಗೆ ಕೂತರು. ಮೊದಲ ಕಂತು ಬೇರೊಂದು ಪ್ರಕರಣದ್ದು, ಅದರ ಕಡತದಲ್ಲೊಂದು ಬರ್ಗರ್ ಇತ್ತು. ಆಹಾರ ಇಲಾಖೆ ಸದಾ ಚುರುಕು. 2024ರ ಜನವರಿಯಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ತಿಂಗಳು ಹಾರ್ಬಾ ವೃತ್ತಿಪರ ತಂಡವಾದ ಲಾಸ್ ಏಂಜಲೀಸ್ ಚಾರ್ಜರ್ಸ್‌ಗೆ ಹೊರಟರು.

ಆಮೇಲೆ ಎನ್‌ಸಿಎಎ ಗುಡುಗಿತು. ಬರ್ಗರ್ ಪ್ರಕರಣಕ್ಕೆ ಹಾರ್ಬಾ ಅವರಿಗೆ ನಾಲ್ಕು ವರ್ಷ ನಿರ್ಬಂಧ. 2025ರಲ್ಲಿ ಸನ್ನೆ ಪ್ರಕರಣಕ್ಕೆ ಮತ್ತೆ ಹತ್ತು. ಹಳೆಯದು ಮುಗಿದ ಮೇಲೆ, 2028ರ ಆಗಸ್ಟಿನಿಂದ ಹೊಸದು ಶುರು. ವಿಶ್ವವಿದ್ಯಾಲಯಕ್ಕೆ ಕೋಟಿಗಟ್ಟಲೆ ಡಾಲರ್ ದಂಡ, ಕಿರೀಟ ಮಾತ್ರ ಅದರದ್ದೇ. ಹಾರ್ಬಾ ಅವರನ್ನು ಯಾವುದೇ ಕಾಲೇಜು 2038ರವರೆಗೆ ಸುಲಭಕ್ಕೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಅಷ್ಟರಲ್ಲಿ ಅವರಿಗೆ 74 ವರ್ಷ. ಅಲ್ಲಿಯವರೆಗೆ ಜೀವನಕ್ಕೇನು ಗತಿ ಎಂದು ಕೊರಗುವವರಿಗೆ ಒಂದು ಮಾಹಿತಿ: ಚಾರ್ಜರ್ಸ್‌ನವರು ಸಂಬಳ ಕೊಡುತ್ತಾರೆ.