ತೊಂಬತ್ತೆರಡರ ಜೊತೆ ಮಾತುಕತೆ

ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಎರಡಂಕಿಯ ಗುರುತು ಸಿಗುತ್ತದೆ. ಸ್ವಂತ ದುಡಿಮೆಯವರಿಗೆ 11, ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ 21, ತಿಂಗಳ ಸಂಬಳದವರಿಗೆ 31. 'ಮನೆಗೆಲಸ ಮಾತ್ರ' ಎಂಬ ಹಣೆಪಟ್ಟಿ 92ಕ್ಕೆ. ಅದರ ಜೊತೆಗೆ ಸೌದೆ, ಸೊಪ್ಪು, ಮೇವು ತರುವವರು 93. ಇವೆರಡೂ ಕಾರ್ಮಿಕ ಬಲದಿಂದ ಹೊರಗೆ. ಪಕ್ಕದಲ್ಲೇ ಬಾಡಿಗೆ, ಪಿಂಚಣಿಗಳಲ್ಲಿ ಬದುಕುವ 94 ಕಾಲು ಚಾಚಿ ಕೂತಿರುತ್ತದೆ. ಕೋಟಿಗಟ್ಟಲೆ ಸದಸ್ಯೆಯರಿದ್ದೂ ಈವರೆಗೆ ಒಂದು ಸಭೆಯನ್ನೂ ಕರೆಯದ ಸಂಘ 92. ಅದು ಮಾತಿಗೆ ಸಿಕ್ಕಿತು.

ದುಡಿಯುವ ಹೆಂಗಸರನ್ನು ನೀವು ಅಡಗಿಸಿಟ್ಟಿದ್ದೀರಿ ಎಂಬ ದೂರಿದೆಯಲ್ಲ?

ನಾನು ಯಾರನ್ನೂ ಎಳೆದುಕೊಂಡು ಬಂದಿಲ್ಲ ಸ್ವಾಮಿ. ಸಮೀಕ್ಷೆಯವರು ಬರೆಯುತ್ತಾರೆ, ನಾನು ಜಾಗ ಕೊಡುತ್ತೇನೆ. ನಾನು ಅಂಕಿ, ನನಗೆ ಪಕ್ಷಪಾತವಿಲ್ಲ, ಅಭಿಪ್ರಾಯವಿಲ್ಲ, ಕರುಣೆಯೂ ಇಲ್ಲ. ಕಥೆ ಬೇಕಿದ್ದರೆ ಗುಣಾತ್ಮಕ ಸಂಶೋಧಕರ ಹತ್ತಿರ ಹೋಗಿ. ಅವರು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಕೇಳಿಸಿಕೊಳ್ಳುತ್ತಾರೆ.

ಆ ಬರೆಯುವ ಗಳಿಗೆಯ ಮೇಲೆಯೇ ನನ್ನ ತಕರಾರು. 'ಏನ್ ಕೆಲ್ಸ ಮಾಡ್ತೀರಮ್ಮ?' ಎಂದು ಬಾಗಿಲಲ್ಲಿ ನಿಂತು ಕೇಳಿದರೆ 'ಏನೂ ಇಲ್ಲ, ಮನೇಲೇ ಇರ್ತೀನಿ' ಎಂಬ ಉತ್ತರ ಬರುತ್ತದೆ. ಆಕೆ ಕರೆದ ಹಾಲು ಅಷ್ಟೊತ್ತಿಗೆ ಡೇರಿ ಸೇರಿರುತ್ತದೆ. ನಿಮ್ಮದೇ ನಿಯಮದ ಪ್ರಕಾರ ಆ ದುಡಿಮೆ 21ರ ಕಡೆಗೆ ಹೋಗಬೇಕು. ಎಷ್ಟೋ ಕಡೆ ಆಕೆಯನ್ನು ಕೇಳುವುದೂ ಇಲ್ಲ, ಮನೆಯವರ ಪರವಾಗಿ ಯಜಮಾನರೇ ಹೇಳಿಬಿಡುತ್ತಾರೆ. ಅಂದರೆ ಎಣಿಕೆಗೆ ಮುಂಚೆಯೇ ಒಂದು ಗುಣಾತ್ಮಕ ಸಂಶೋಧನೆ ನಡೆದುಹೋಗಿದೆ. ಯಾವುದು ಕೆಲಸ, ಯಾವುದು ಅಲ್ಲ ಎಂದು ಯಾರೋ ಯಾರನ್ನೋ ಕೇಳಿ ತೀರ್ಮಾನಿಸಿದ್ದಾರೆ. ಎರಡೇ ನಿಮಿಷದಲ್ಲಿ, ದಾಖಲೆಯೇ ಇಲ್ಲದೆ ಮುಗಿದದ್ದರಿಂದ ಅದು ಸಂಶೋಧನೆಯಂತೆ ಕಾಣುವುದಿಲ್ಲ, ಅಷ್ಟೇ. ನಿಮ್ಮ ನಿಷ್ಪಕ್ಷಪಾತ ಶುರುವಾಗುವುದು ಪಕ್ಷಪಾತವೆಲ್ಲ ಮುಗಿದ ಮೇಲೆ.

ಒಪ್ಪಿದೆ ಎಂದೇ ಇಟ್ಟುಕೊಳ್ಳೋಣ. ಬದಲಿಗೆ ಏನು ಕೊಡುತ್ತೀರಿ? ಒಂದು ಊರು, ಒಬ್ಬ ವಿದ್ವಾಂಸ, ಒಂದು ಚೀಲ ಟಿಪ್ಪಣಿ. ನಿಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು, ಅದಕ್ಕೆ ರಾಮಪುರ ಎಂದು ಹೆಸರಿಟ್ಟು ಬರೆದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಟಿಪ್ಪಣಿಗಳು ಸುಟ್ಟುಹೋದವು, ಪುಸ್ತಕ ನೆನಪಿನಿಂದ ಬಂತು. ಅವರು ಉಳಿದುಕೊಂಡದ್ದೂ ಊರ ಮುಖಂಡನ ಆಶ್ರಯದಲ್ಲೇ. ಮೇಲ್ಜಾತಿಯ ಗಂಡಸರ ಜಗಲಿಯಿಂದ ಅಡುಗೆಮನೆ ಎಷ್ಟು ಕಂಡೀತು? ನನ್ನನ್ನು ಕುರುಡು ಅನ್ನುವವರು ಆ ಕಣ್ಣಿನ ಪೊರೆಯನ್ನೂ ನೋಡಬೇಕಲ್ಲವೇ?

ಈ ಆಕ್ಷೇಪವನ್ನು ತಳ್ಳಿಹಾಕಲಾರೆ. ಕೇಳಿಸಿಕೊಳ್ಳುವವನು ಎಲ್ಲಿ ಕೂತಿದ್ದಾನೆ ಎಂಬುದರ ಮೇಲೆ ಕೇಳಿಸುವುದು ನಿಂತಿದೆ. ರಾಮಪುರದ ಚಿತ್ರ ಎಷ್ಟೇ ಜೀವಂತವಾಗಿದ್ದರೂ ಅದರಿಂದ ದೇಶದ ಶೇಕಡಾವಾರು ಹೇಳಲಾಗದು. ಆದರೆ ಶ್ರೀನಿವಾಸರು ಎಲ್ಲಿ ಕೂತು ನೋಡಿದರು ಎಂಬುದು ಪುಸ್ತಕದಲ್ಲೇ ಇದೆ, ಅದಕ್ಕೇ ನೀವು ಇವತ್ತು ಅವರನ್ನು ಹಿಡಿದು ಬೈಯಬಹುದು. ನಿಮ್ಮ ಕೋಷ್ಟಕದಲ್ಲಿ ಯಾರು ಉತ್ತರಿಸಿದರು, ಯಾರು ಅನುಮಾನಿಸಿ ಕೊನೆಗೆ 92 ಎಂದು ಬರೆದರು ಎಂಬುದೆಲ್ಲ ಒಂದೇ ಶೇಕಡಾ ಗುರುತಿನೊಳಗೆ ಕರಗಿಹೋಗುತ್ತದೆ. ಇದಕ್ಕೆ ಮದ್ದು ಎಣಿಕೆ ಬಿಡುವುದಲ್ಲ, ಎಣಿಸುವ ಮೊದಲು ನೋಡುವುದು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ಸಂಗಡಿಗರೊಡನೆ ಮಾಡಿದ್ದು ಇದನ್ನೇ. ರಾಜಸ್ಥಾನ, ಪಶ್ಚಿಮ ಬಂಗಾಳಗಳ ಕೆಲವೇ ಹಳ್ಳಿಗಳಲ್ಲಿ, 'ಕೆಲಸ ಏನು' ಎಂದು ಕೇಳಿ ಸುಮ್ಮನಾಗದೆ ಮನೆಯವರ ದಿನ ಹೇಗೆ ಕಳೆಯುತ್ತದೆ ಎಂದು ಗಮನಿಸಿದರು. ಮನೆಗೆಲಸದವರೆಂದು ಬರೆಸಿಕೊಂಡಿದ್ದ ಹೆಂಗಸರಲ್ಲಿ ದುಡಿಯುವವರು ಕಾಣಿಸಿದರು. ಊರು ಬೆರಳೆಣಿಕೆಯಷ್ಟೇ, ಆದರೆ ಪ್ರಶ್ನೆಯೇ ಬದಲಾಯಿತು.

ಬದಲಾದ ಪ್ರಶ್ನೆಯನ್ನು ದೇಶಕ್ಕೆಲ್ಲ ಕೇಳಿದವರು ಯಾರು? ನಮ್ಮ ಕುಲದವರೇ! 1998-99ರಲ್ಲಿ ಆರು ರಾಜ್ಯಗಳಲ್ಲಿ ಸಮಯದ ಬಳಕೆಯ ಪ್ರಾಯೋಗಿಕ ಸಮೀಕ್ಷೆ, 2019ರಲ್ಲಿ ಇಡೀ ದೇಶದ್ದು. ಬೆಳಗಿನ ಜಾವ 4ರಿಂದ ಮರುದಿನದ 4ರವರೆಗೆ, ಅರ್ಧರ್ಧ ಗಂಟೆಯ ಲೆಕ್ಕ. ಆ ವರ್ಷ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರದು ದಿನಕ್ಕೆ 299 ನಿಮಿಷ, ಗಂಡಸರದು 97. ಇದನ್ನು ಯಾವ ಜಗಲಿ ಹೇಳೀತು?

ಯಾವ ಜಗಲಿಯೂ ಹೇಳದು. ಆದರೆ ಆ 97 ನಿಮಿಷ ಕೂಡ, ಆ ದಿನ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಸರಾಸರಿ ಮಾತ್ರ; ಅಂಥವರು ನೂರಕ್ಕೆ ಸುಮಾರು 26. ಉಳಿದವರು ಸರಾಸರಿಯ ಮರ್ಯಾದೆ ಕೆಡಿಸದೆ ದೂರ ನಿಂತಿದ್ದಾರೆ. ಇನ್ನು ನಿಮ್ಮದೇ ವಿಷಯಕ್ಕೆ ಬನ್ನಿ. 15 ದಾಟಿದ ಹೆಂಗಸರಲ್ಲಿ ಕಾರ್ಮಿಕ ಬಲದಲ್ಲಿ ಇರುವವರು 2017-18ರಲ್ಲಿ ನೂರಕ್ಕೆ 23.3, 2023-24ಕ್ಕೆ 41.7. ಆರು ವರ್ಷಕ್ಕೆ ಇಷ್ಟು ಜಿಗಿತ! ಹೆಚ್ಚಿನ ಪಾಲು ಹಳ್ಳಿಯದು, ಸ್ವಯಂ ಉದ್ಯೋಗದ ಹೆಸರಿನದು; ಸಂಬಳವಿಲ್ಲದ 21ರವರೂ ಅದರೊಳಗಿದ್ದಾರೆ. ಹೊಸ ಅವಕಾಶ ಬಂತೇ, ಕಷ್ಟ ತಳ್ಳಿತೇ, ಅಥವಾ ಕೇಳುವ ಕ್ರಮ ಸುಧಾರಿಸಿ ಹಳೆಯ ದುಡಿಮೆಗೆ ಹೊಸ ಗುರುತು ಬಂತೇ? ಮೂರಕ್ಕೂ ಅದೇ 41.7 ಬರುತ್ತದೆ. ಈ ಮೂರನ್ನು ಬಿಡಿಸಬೇಕಾದರೆ, ಅದೇ ಮಾದರಿಯಿಂದ ಕೆಲವು ಮನೆಗಳನ್ನು ಆರಿಸಿ, ಆ ಹೆಂಗಸರ ಎದುರೇ ಕೂತು ನಿಧಾನವಾಗಿ ಕೇಳಬೇಕು.

ಮಿಶ್ರ ವಿಧಾನ ತಾನೇ? ಅದನ್ನೂ ನೋಡಿದ್ದೇನೆ. ಇನ್ನೂರು ಪುಟ ಕೋಷ್ಟಕ. ನಡುವೆ ಬಣ್ಣದ ಚೌಕದೊಳಗೆ ಒಬ್ಬಾಕೆಯ ನಗುಮುಖ, ಕೆಳಗೆ ಎರಡು ಸಾಲು ಮಾತು. ಕೋಸಂಬರಿಗೆ ಕೊತ್ತಂಬರಿ ಉದುರಿಸಿದ ಹಾಗೆ.

ಅದು ಬೆರಕೆ, ಮಿಶ್ರಣವಲ್ಲ. ಅಂಕಿಗೆ ತಲೆಯಾಡಿಸುವ ಮಾತನ್ನಷ್ಟೇ ಹೆಕ್ಕಿದರೆ ಆಕೆಯಿಂದ ಕಲಿತದ್ದೇನೂ ಇಲ್ಲ. ಆಕೆಯ ಮಾತಿಗೆ ಪ್ರಶ್ನಾವಳಿಯನ್ನು ತಿದ್ದುವ ಅಧಿಕಾರ ಇರಬೇಕು, ಆ ತಿದ್ದಿದ ಎಣಿಕೆಗೆ ಸಂಶೋಧಕನ ಮೆಚ್ಚಿನ ಕಥೆಯನ್ನು ಸುಳ್ಳು ಮಾಡುವ ಅಧಿಕಾರವೂ. ಖರ್ಚು ಹೆಚ್ಚು, ಸಮಯ ಹೆಚ್ಚು ಎನ್ನುತ್ತೀರಿ. ನಿಜ. ಎಲ್ಲ ಮನೆಗೂ ಬೇಡ. ಗುರುತು ಅನುಮಾನದ್ದಾಗಿರುವ ಕಡೆ, 21, 92, 93ರ ಗಡಿಯಲ್ಲಿ, ಸಾಕು.

ಗಡಿಯಲ್ಲಿ ಅಂದರೆ ನನ್ನ ಅರ್ಧ ಸಂಘವೇ ಅಲ್ಲಿದೆ. ಯೋಚಿಸೋಣ. ಈಗ ಹೊರಡಬೇಕು, ಮುಂದಿನ ಮನೆಯಲ್ಲಿ ಯಜಮಾನರೊಬ್ಬರೇ ಇದ್ದಾರಂತೆ. ಬೇಗ ಮುಗಿಯುತ್ತದೆ.