ಸೇಫ್ ಮೋಡಿನಲ್ಲಿ ಸೊಕ್ಕೆ

ನಮ್ಮ ಕಡೆ ಮದುವೆಯ ವಿಡಿಯೊ ಕೈಗೆ ಬರುವ ಹೊತ್ತಿಗೆ ತೊಟ್ಟಿಲ ಶಾಸ್ತ್ರವೂ ಮುಗಿದಿರುವುದುಂಟು. ಸ್ಟುಡಿಯೊದವರು ಸೋಮಾರಿಗಳು ಎಂದು ಊರವರು ತೀರ್ಪು ಕೊಟ್ಟುಬಿಡುತ್ತಾರೆ. ಅಡ್ವಾನ್ಸ್ ಕೊಟ್ಟವರಿಗೆ ಅಷ್ಟೂ ಹಕ್ಕಿಲ್ಲವೆಂದರೆ ಹೇಗೆ? ಆದರೂ ಒಳಗೆ ಕೂತು ನೋಡಿದವನಾಗಿ ನಾನು ಸ್ಟುಡಿಯೊದವರ ಪರ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ, ಸೊಕ್ಕೆಯಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ಇಟ್ಟಿರುವ ಸ್ಟುಡಿಯೊದಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಫ್ಲೆಕ್ಸು, ಶಿವಗಣಾರಾಧನೆಯ ಕಾರ್ಡುಗಳ ಕಾಗುಣಿತ ತಿದ್ದುವ ಗೌರವ ಹುದ್ದೆ ನನ್ನದು. ಸಂಬಳ ಇಲ್ಲ. ಸಂಜೆಗೆ ಮಂಡಕ್ಕಿ, ಮಿರ್ಚಿ, ಅರ್ಧ ಚಹಾ. ಜಗಳೂರು ತಾಲ್ಲೂಕಿನಲ್ಲಿ ಮಳೆಗಿಂತ ಇದು ಭರವಸೆಯ ಆದಾಯ.

ಈ ಮಾಘಮಾಸದ ಮದುವೆ ಸುಗ್ಗಿಯಲ್ಲಿ ಹುಡುಗನ ಕಂಪ್ಯೂಟರಿಗೆ ಒಂದು ರೋಗ ಹತ್ತಿತು. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತಿತ್ತು. ಒಂದು ಗಳಿಗೆ ಬಿಟ್ಟು ಮತ್ತೆ ಬೆಳಕಾದರೆ, ಅಕ್ಷತೆಯೂ ಇಲ್ಲ, ಎಡಿಟಿಂಗ್ ಸಾಫ್ಟ್‌ವೇರೂ ಇಲ್ಲ. ಹಿಂದೆ ಇಟ್ಟಿದ್ದ ದೇವರ ಫೋಟೊ ಮಾತ್ರ. ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟು ಹೋಗಿತ್ತಂತೆ. ಯುಪಿಎಸ್ಸಿನ ಬ್ಯಾಟರಿಗೆ ವಯಸ್ಸಾಗಿತ್ತು. ಹೊಸದು ಅರ್ಧ ಕೂತಿತ್ತು, ಹಳೆಯದು ಅರ್ಧ ಎದ್ದಿರಲಿಲ್ಲ.

ಪರದೆ ಕಪ್ಪಾಗುವುದರ ಹಿಂದೆ ಒಂದು ಕಟ್ಟಳೆ ಇದೆ. ವಿಸ್ಟಾ ಕಾಲದಿಂದಲೂ ವಿಂಡೋಸ್ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಕೊಟ್ಟು 2 ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಉತ್ತರ ಬರದಿದ್ದರೆ ಡ್ರೈವರನ್ನು ಹಿಡಿದು ನಿಲ್ಲಿಸಿ ಹೊಸದಾಗಿ ಎಬ್ಬಿಸುತ್ತದೆ. ಇಡೀ ಯಂತ್ರ ಮರಗಟ್ಟುವುದಕ್ಕಿಂತ ಇದು ವಾಸಿ ಎಂಬ ಲೆಕ್ಕ. ನಾವೇ ಬೇಕೆಂದು ಎಬ್ಬಿಸುವುದಕ್ಕೂ ಒಂದು ದಾರಿ ಉಂಟು: ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಒತ್ತಿಹಿಡಿದು ಬಿ ಒತ್ತಿದರೆ ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ. ಇದನ್ನು ಕಲಿತ ದಿನ ಹುಡುಗ ಅದನ್ನೇ ಒತ್ತುತ್ತಾ ಕೂತಿದ್ದ. ರೋಗ ಹೋಗಲಿಲ್ಲ, ಬೆರಳಿಗೆ ವ್ಯಾಯಾಮವಾಯಿತು. ಎರಡೇ ಸೆಕೆಂಡಿನ ತಾಳ್ಮೆ ನನಗೆ ಸ್ವಲ್ಪ ಕಡಿಮೆ ಎನಿಸುತ್ತದೆ. ನಾನು ಏಳನೇ ಕ್ಲಾಸಿನಲ್ಲಿ ಮಗ್ಗಿ ಕೇಳಿ ಅದಕ್ಕಿಂತ ಹೆಚ್ಚು ಹೊತ್ತು ಕಾದವನು.

‘ತೆಗೆದು ಹೊಸದಾಗಿ ಹಾಕೋದೇ ಸಾರ್’ ಎಂದ ಹುಡುಗ. ಡಿವೈಸ್ ಮ್ಯಾನೇಜರಿಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿ, ಕಂಪ್ಯೂಟರ್ ಆರಿಸಿ ಹಚ್ಚಿದ. ಡ್ರೈವರ್ ಅಲ್ಲೇ ಇತ್ತು, ಅದೇ ಹಳೇ ತಾರೀಖಿನೊಂದಿಗೆ. ಮತ್ತೆ ತೆಗೆದ. ಮತ್ತೆ ಬಂತು. ಇದರಲ್ಲಿ ಭೂತಚೇಷ್ಟೆ ಏನಿಲ್ಲ. ಒಮ್ಮೆ ಬಂದ ಡ್ರೈವರುಗಳ ಒಂದೊಂದು ಪ್ರತಿಯನ್ನು ವಿಂಡೋಸ್ ತನ್ನ ಫೋಲ್ಡರಿನ ಒಳಗೆ, ಸಿಸ್ಟಮ್32ರ ಕೆಳಗೆ, ಡ್ರೈವರ್ ಸ್ಟೋರ್ ಎಂಬ ಕೋಣೆಯಲ್ಲಿ ಕಾದಿರಿಸಿಕೊಂಡಿರುತ್ತದೆ. ಅನ್‌ಇನ್‌ಸ್ಟಾಲ್ ಒತ್ತಿದಾಗ ಒಂದು ಚಿಕ್ಕ ಚೌಕ ಕಾಣುತ್ತದೆ, ಡ್ರೈವರಿನ ಕಡತಗಳನ್ನೂ ಅಳಿಸಲೇ ಎಂದು. ಅದಕ್ಕೆ ಟಿಕ್ ಹಾಕದೆ ಮುಂದೆ ಹೋದರೆ ಕಂಪ್ಯೂಟರ್ ಎದ್ದೊಡನೆ ಕೋಣೆಯಿಂದ ಹಳೆಯದನ್ನೇ ಎತ್ತಿ ತಂದು ಕೂರಿಸುತ್ತದೆ. ಟಿಕ್ ಹಾಕಿದರೂ ಅದಕ್ಕೂ ಹಿಂದಿನ ಆವೃತ್ತಿಯೊಂದು ಅಲ್ಲಿ ಮಲಗಿದ್ದರೆ ಅದು ಎದ್ದು ಬರುತ್ತದೆ. ಅದೂ ಇಲ್ಲವೆನ್ನಿ, ನೆಟ್ ಇದ್ದರೆ ವಿಂಡೋಸ್ ಅಪ್‌ಡೇಟ್ ತಾನೇ ಎಲ್ಲಿಂದಲೋ ಒಂದನ್ನು ಹುಡುಕಿ ತಂದು, ಉಪಕಾರ ಮಾಡಿದೆನೆಂಬ ಮುಖದಲ್ಲಿ ಸುಮ್ಮನೆ ಕೂರುತ್ತದೆ.

ತೆಗೆದದ್ದು ಹೋಗುವುದಿಲ್ಲ ಎಂಬುದು ನಮ್ಮ ತಾಲ್ಲೂಕಿನವರಿಗೆ ಹೊಸ ಸಂಗತಿಯಲ್ಲ. 1997ರ ಆಗಸ್ಟ್ 15ರಂದು ಜಗಳೂರನ್ನು ಚಿತ್ರದುರ್ಗ ಜಿಲ್ಲೆಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಹಾಕಿದರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಹರಪನಹಳ್ಳಿ ಬಳ್ಳಾರಿಯಿಂದ. ಆದೇಶ ಒಂದೇ ದಿನದ್ದು. ಆದರೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇವತ್ತಿಗೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ, ನಮ್ಮ ತಂದೆಯವರ ಕ್ರಯಪತ್ರವೂ ಅಲ್ಲೇ. ಮಗನ ಯಾವುದೋ ಅರ್ಜಿಗೆ ಎರಡನ್ನೂ ಜೋಡಿಸಿ ಕೊಟ್ಟಾಗ ಗುಮಾಸ್ತರು ಕನ್ನಡಕ ಏರಿಸಿ, ಇಳಿಸಿ, ‘ಇದು ಯಾವ ಜಿಲ್ಲೆ ಸೊಕ್ಕೆ ಮೇಷ್ಟ್ರೇ?’ ಎಂದು ಕೇಳಿದ್ದರು. ಹರಪನಹಳ್ಳಿಯದು ಇನ್ನೂ ಸೊಗಸು. ಅದು 2018ರಲ್ಲಿ ಬಳ್ಳಾರಿಗೆ ವಾಪಸು ಹೋಯಿತು. ಮೂಲ ಆವೃತ್ತಿಯೇ ಎದ್ದು ಬಂದ ಹಾಗೆ. 2021ರಲ್ಲಿ ಬಳ್ಳಾರಿಯನ್ನೇ ಒಡೆದಾಗ ವಿಜಯನಗರಕ್ಕೆ ಸೇರಿತು. ಅಲ್ಲಿನ ನೆಂಟರೊಬ್ಬರು ಲಗ್ನಪತ್ರಿಕೆಯಲ್ಲಿ ಜಿಲ್ಲೆಯ ಹೆಸರೇ ಬೇಡ ಎಂದರು. ಜಾಣರು.

ಡ್ರೈವರಿನ ಮಾತಿಗೆ ಬರೋಣ. ಹಳೆಯದನ್ನು ಬೇರುಸಹಿತ ಕೀಳುವುದಕ್ಕೆಂದೇ ವ್ಯಾಗ್ನಾರ್ಡ್ ಎಂಬ ಹೆಸರಿನ ಪುಣ್ಯಾತ್ಮರೊಬ್ಬರು ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಪುಕ್ಕಟೆ ತಂತ್ರಾಂಶ ಮಾಡಿಟ್ಟಿದ್ದಾರೆ. ಬಲ್ಲವರು ಡಿಡಿಯು ಎನ್ನುತ್ತಾರೆ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರರ ಕಡತಗಳನ್ನೂ ರಿಜಿಸ್ಟ್ರಿಯ ನಮೂದುಗಳನ್ನೂ ಅದು ಹುಡುಕಿ ಹುಡುಕಿ ಅಳಿಸುತ್ತದೆ. ಎಎಂಡಿಯವರು ತಮ್ಮದೇ ಒಂದು ಕ್ಲೀನಪ್ ಯುಟಿಲಿಟಿ ಕೊಡುತ್ತಾರೆ. ಎನ್‌ವಿಡಿಯಾದ ಇನ್‌ಸ್ಟಾಲರಿನಲ್ಲೂ ಕ್ಲೀನ್ ಇನ್‌ಸ್ಟಲೇಶನ್ ಎಂಬ ಚೌಕ ಇದೆ. ತಿಂಗಳ ಅಪ್‌ಡೇಟಿಗೆಲ್ಲ ಡಿಡಿಯು ಎತ್ತಿಕೊಳ್ಳುವುದು ಅತಿಯಾಯಿತು ಎಂದೇ ನನ್ನ ಮತ. ಒಂದು ಕಂಪನಿಯ ಕಾರ್ಡು ತೆಗೆದು ಇನ್ನೊಂದರದು ಹಾಕಿದಾಗ, ಇಲ್ಲವೇ ಹೀಗೆ ಅರ್ಧಂಬರ್ಧ ಆದಾಗ ಮಾತ್ರ ಅದು ಬೇಕು.

ಕೀಳುವ ಮೊದಲು ಹಾಕಬೇಕಾದ್ದು ಕೈಯಲ್ಲಿರಬೇಕು. ಇಲ್ಲಿ ಸೊಕ್ಕೆಯ ಸಮಸ್ಯೆ ಶುರು. ಈಗಿನ ಗ್ರಾಫಿಕ್ಸ್ ಡ್ರೈವರ್ ಎಂದರೆ ನೂರಾರು ಎಂಬಿಯ ಗಂಟು. ಹುಡುಗನ ನೆಟ್ಟು ಮೊಬೈಲಿನ ಹಾಟ್‌ಸ್ಪಾಟಿನದು, ದಿನಕ್ಕೆ ಒಂದೂವರೆ ಜಿಬಿ. ಮಧ್ಯಾಹ್ನದೊಳಗೆ ರೀಲ್ಸಿಗೇ ಅರ್ಧ ಖರ್ಚು. ‘ಸಿ.ಡಿ. ಬಂದಿರ್ಬೇಕಲ್ಲಪ್ಪ ಕಾರ್ಡಿನ ಜೊತೆ?’ ಎಂದೆ. ಕಪಾಟಿನಿಂದ ತೆಗೆದ. ಕವರು ಹರಿದಿರಲಿಲ್ಲ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮುಖ ನೋಡಿಕೊಳ್ಳಬಹುದಿತ್ತು, ಅಷ್ಟೇ. ಅವನ ಕ್ಯಾಬಿನೆಟ್ಟಿನಲ್ಲಿ ಸಿ.ಡಿ. ಹಾಕುವ ಬಾಯೇ ಇಲ್ಲ.

ಯಾವ ಡ್ರೈವರ್ ಇಳಿಸಿಕೊಳ್ಳಬೇಕು ಎಂಬುದಕ್ಕೂ ಕಾರ್ಡಿನ ಜಾತಕ ನೋಡಬೇಕು. ಅಂಗಡಿಯ ಡಬ್ಬಿಯ ಮೇಲಿನ ಹೆಸರು ಸಾಲದು. 2014ರಲ್ಲಿ ಬಂದ ಜಿಟಿ 730 ಎಂಬ ಕಾರ್ಡನ್ನೇ ತೆಗೆದುಕೊಳ್ಳಿ. ಒಂದೇ ಹೆಸರಿನಲ್ಲಿ ಕೆಲವದರ ಒಳಗೆ 2010ರ ಫರ್ಮಿ ಪೀಳಿಗೆಯ ಚಿಪ್ಪು, ಕೆಲವದರ ಒಳಗೆ 2012ರ ಕೆಪ್ಲರ್ ಪೀಳಿಗೆಯದು. ಫರ್ಮಿಗೆ ಹೊಸ ಡ್ರೈವರ್ ಬರುವುದು 2018ರಲ್ಲಿ ನಿಂತಿತು, ಕೆಪ್ಲರಿಗೆ 2021ರಲ್ಲಿ. ಆಮೇಲೆ ಬಂದದ್ದು ಭದ್ರತೆಯ ತಿದ್ದುಪಡಿಗಳಷ್ಟೇ. ನನಗೆ ಇದು ಬೇಗ ಅರ್ಥವಾಯಿತು. ಕೊಟ್ಟೂರು ಹತ್ತಿರವಿರುವ ಪುಣ್ಯಕ್ಕೆ ನನ್ನ ಹಾಜರಿ ಪುಸ್ತಕದಲ್ಲಿ ಯಾವ ವರ್ಷ ನೋಡಿದರೂ ಮೂರು ನಾಲ್ಕು ಕೊಟ್ರೇಶರು. ಬರೀ ‘ಕೊಟ್ರೇಶ’ ಎಂದು ಕೂಗಿದರೆ ಲೆಕ್ಕ ಬರುವವನೂ ಏಳುತ್ತಿದ್ದ, ಬರದವನೂ ಏಳುತ್ತಿದ್ದ. ಇನಿಷಿಯಲ್ ಹಿಡಿದೇ ಕರೆಯಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐಡಿ ಎಂದು ಇರುವುದು ಕಾರ್ಡಿನ ಇನಿಷಿಯಲ್ಲು.

ಕೊನೆಗೆ ಜಗಳೂರಿಗೆ ಹೋದವರೊಬ್ಬರ ಕೈಲಿ ಪೆನ್‌ಡ್ರೈವ್ ಕಳಿಸಿ ಡ್ರೈವರನ್ನೂ ಡಿಡಿಯುವನ್ನೂ ತರಿಸಿದೆವು. ಹೀರೇಕಾಯಿ, ಯೂರಿಯಾ ಚೀಟಿ, ಪೆನ್‌ಡ್ರೈವ್ ಒಂದೇ ಚೀಲದಲ್ಲಿ ಬಂದವು. ವಿಂಡೋಸ್ ಅಪ್‌ಡೇಟ್ ನಡುವೆ ಬಾಯಿ ಹಾಕದಿರಲೆಂದು ಹುಡುಗ ಹಾಟ್‌ಸ್ಪಾಟ್ ಆರಿಸಿದ. ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿದ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಮನೆಯೊಳಗೊಂದು ಮನೆ ದಾಟಿ, ಕೊನೆಗೆ 4 ಒತ್ತಿದರೆ ಸೇಫ್ ಮೋಡ್. ಇಲ್ಲಿ ಲ್ಯಾಪ್‌ಟಾಪಿನವರಿಗೆ ಒಂದು ಮಾತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಈ ಬಾಗಿಲಲ್ಲಿ ಅದು 48 ಅಂಕಿಯ ಕೀ ಕೇಳುವುದುಂಟು. ಪಹಣಿಯ ಸರ್ವೆ ನಂಬರೇ ನೆನಪಿರದ ನಾವು ಅದನ್ನು ಮೊದಲೇ ಬರೆದಿಟ್ಟುಕೊಂಡು ಹೊರಡುವುದು ಕ್ಷೇಮ.

ಸೇಫ್ ಮೋಡ್ ಎಂದರೆ ಕಪ್ಪು ಪರದೆ, ನಾಲ್ಕು ಮೂಲೆಯಲ್ಲೂ ಅದರದೇ ಹೆಸರು. ದೇವರ ಫೋಟೊ ಕೂಡ ಇಲ್ಲ. ಡಿಡಿಯುವಿನಲ್ಲಿ ಕಾರ್ಡಿನ ಕಂಪನಿ ಆರಿಸಿ, ‘ಕ್ಲೀನ್ ಅಂಡ್ ರೀಸ್ಟಾರ್ಟ್’ ಒತ್ತಿದ. ಅಳಿಸಿದ್ದರ ಪಟ್ಟಿ ಸರಸರ ಮೇಲೇರತೊಡಗಿತು. ಇಷ್ಟೆಲ್ಲ ಒಳಗಿತ್ತೇ ಎಂದು ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು.

ಯಂತ್ರ ಮತ್ತೆ ಎದ್ದಾಗಿನ ಸ್ಥಿತಿಯ ಬಗ್ಗೆ ನನಗೆ ವಿಶೇಷ ಪ್ರೀತಿ. ಹಳೆಯದು ಹೋಗಿದೆ, ಹೊಸದು ಬಂದಿಲ್ಲ, ಆದರೂ ಪರದೆ ಕಾಣುತ್ತದೆ. ವಿಂಡೋಸಿನ ಜೊತೆಗೇ ಬರುವ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ಸಾಧುವಾದ ಡ್ರೈವರ್ ಆಗ ಕೆಲಸಕ್ಕೆ ನಿಲ್ಲುತ್ತದೆ. ಅದಕ್ಕೆ ಆಟ ಆಡಿಸಲು ಬಾರದು, ವಿಡಿಯೊ ಓಡಿಸಿದರೆ ಕುಂಟುತ್ತದೆ. ಆದರೆ ಯಾವ ಕಾರ್ಡು ಕೊಟ್ಟರೂ ಇದ್ದಷ್ಟರಲ್ಲಿ ತೋರಿಸುತ್ತದೆ. 1987ರಲ್ಲಿ ಐಬಿಎಂ ವಿಜಿಎ ತಂದಾಗ 640ಕ್ಕೆ 480 ಚುಕ್ಕೆಗಳಲ್ಲಿ 16 ಬಣ್ಣ ಎಂದರೆ ಸಂಭ್ರಮವಾಗಿತ್ತು. ಹಳೇ ವಿಂಡೋಸುಗಳ ಸೇಫ್ ಮೋಡ್ ಬಹಳ ಕಾಲ ಅಷ್ಟರಲ್ಲೇ ಸಂಸಾರ ಮಾಡಿತ್ತು. ಈಗ ಅಷ್ಟು ಬಡತನವಿಲ್ಲ. ನಮ್ಮೆದುರು 1024ಕ್ಕೆ 768ರ ಪರದೆ ತೆರೆದಿತ್ತು, ಐಕಾನುಗಳು ಹೋಳಿಗೆಯಷ್ಟಗಲ.

ಅಷ್ಟರಲ್ಲಿ ಮದುಮಗಳ ಅಜ್ಜಿ ಬಂದರು, ವಿಡಿಯೊ ಏನಾಯಿತೆಂದು ವಿಚಾರಿಸಲು. ಹುಡುಗ ಗಡಿಬಿಡಿಯಲ್ಲಿ ಒಂದೆರಡು ಫೋಟೊ ತೆರೆದು ತೋರಿಸಿದ. ಅಜ್ಜಿ ಪರದೆಗೆ ಮೂಗು ತಾಗಿಸಿ ನೋಡಿ, ‘ನಮ್ಮವ್ವ ಎಷ್ಟು ದೊಡ್ದಾಗಿ ಕಾಣ್ತಾಳ! ಹಿಂಗೇ ಇರ್ಲಿ ಬಿಡಪ್ಪ, ಮುಟ್ಟಬ್ಯಾಡ’ ಎಂದರು.

‘ಇದು ರಿಪೇರಿ ಅರ್ಧ ಆಗಿರೋದು ಅಜ್ಜಿ.’

‘ಅರ್ಧಕ್ಕೇ ಇಷ್ಟು ಚಂದ ಐತಿ.’

ನಾನು ಅಜ್ಜಿಯ ಪಕ್ಷ. ಆ ಪರದೆಯ ಮೇಲೆ ಕನ್ನಡಕವಿಲ್ಲದೆ ‘ತ್ಯ’ ಯಾವುದು ‘ತ್ತ’ ಯಾವುದು ನನಗೆ ಗೊತ್ತಾಗುತ್ತಿತ್ತು. ಆದರೆ ಸ್ಟುಡಿಯೊದಲ್ಲಿ ನಮ್ಮಿಬ್ಬರ ಮತಕ್ಕೆ ಬೆಲೆ ಎಷ್ಟು? ಹುಡುಗ ಪೆನ್‌ಡ್ರೈವಿನಿಂದ ಹೊಸ ಡ್ರೈವರ್ ಓಡಿಸಿದ. ಪರದೆ ಅಲ್ಲಲ್ಲಿ ಮಿಣುಕಿತು. ಕರೆಂಟು ಹೋಗದಿರಲಿ ಎಂದು ಮೂವರೂ ಫ್ಯಾನಿನ ಕಡೆ ನೋಡುತ್ತಿದ್ದೆವು. ಫ್ಯಾನು ತಿರುಗುತ್ತಲೇ ಇತ್ತು. ಒಮ್ಮೆ ರೀಸ್ಟಾರ್ಟು. 1920ಕ್ಕೆ 1080ರ ಪರದೆ ಚುರುಕಾಗಿ ಅರಳಿತು, ಅಕ್ಷರಗಳು ಇರುವೆ ಸಾಲಿಗೆ ಇಳಿದವು. ನನ್ನ ಮುಖ ನೋಡಿ ಹುಡುಗನೇ ಸೆಟ್ಟಿಂಗ್ಸಿಗೆ ಹೋಗಿ ಸ್ಕೇಲನ್ನು ಶೇಕಡ 125ಕ್ಕೆ ಏರಿಸಿದ. ಅದೂ ಒಂದು ರಾಜಿಯೇ.

ಅಜ್ಜಿಯನ್ನು ಕೂರಿಸಿ ವಿಡಿಯೊವನ್ನು ಮೊದಲಿಂದ ಬಿಟ್ಟ. ಅಕ್ಷತೆಯವರೆಗೂ ತಡೆಯಿಲ್ಲದೆ ಓಡಿತು. ಅಕ್ಷತೆ ಬಿತ್ತು, ಪರದೆ ಕಪ್ಪಾಗಲಿಲ್ಲ. ಅಜ್ಜಿ ಅಲ್ಲೇ ಕೈ ಮುಗಿದರು. ನಾನು ಮಾತ್ರ ‘ಸ್ವಲ್ಪ ಹಿಂದಕ್ಕೆ ಓಡಿಸಪ್ಪ’ ಎಂದೆ. ವಿಡಿಯೊದ ಟೈಟಲ್ಲು ನನ್ನ ವ್ಯಾಪ್ತಿಗೆ ಬರುವುದಲ್ಲ, ಅದು ಪೇಟೆಯಿಂದ ಮಾಡಿಸಿ ತರುವ ಸರಕು. ತಿರುಗುವ ಗುಲಾಬಿಗಳ ನಡುವೆ ಬಂಗಾರದ ಅಕ್ಷರದಲ್ಲಿ ಮದುಮಗನ ಹೆಸರಿನ ಹಿಂದೆ ‘ಚಿ. ಕುಂ. ಸೌ.’ ಎಂದಿತ್ತು, ಮದುಮಗಳ ಹೆಸರಿನ ಹಿಂದೆ ‘ಚಿ. ರಾ.’

‘ಡ್ರೈವರಿಂದೇನಾರ ಇರಬಹುದಾ ಸಾರ್?’ ಎಂದ ಹುಡುಗ.